ಜರ್ಮನಿಯಲ್ಲಿ ನೋಂದಣಿ ಮದುವೆ ಆಗಿದೆ, ಡಿಸೆಂಬರಿನಲ್ಲಿ ಊರಿನಲ್ಲಿ ಧಾರೆ: ಭಾರತೀಯ ಕಾನ್ಸುಲೇಟಿನಲ್ಲೂ ನೋಂದಾಯಿಸಬೇಕೇ?

ಶರಾವತಿತೀರ:

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವಳು, ಆರು ವರ್ಷಗಳಿಂದ ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದೇನೆ. ಇದೇ ಮೇ ತಿಂಗಳಲ್ಲಿ ಇಲ್ಲಿನ ಸ್ಟಾಂಡೆಸಾಮ್ಟ್‌ನಲ್ಲಿ, ಅಂದರೆ ಜನನ, ಮರಣ, ವಿವಾಹಗಳನ್ನು ದಾಖಲಿಸುವ ನಗರಾಡಳಿತದ ಕಚೇರಿಯಲ್ಲಿ, ಜರ್ಮನ್ ಪ್ರಜೆಯೊಬ್ಬರೊಡನೆ ನನ್ನ ಮದುವೆಯಾಯಿತು. ನಾನು ಭಾರತದ ಪೌರತ್ವವನ್ನು ಉಳಿಸಿಕೊಂಡಿದ್ದೇನೆ. ಅಪ್ಪ ಅಮ್ಮ ಧನುರ್ಮಾಸ ಹಿಡಿಯುವ ಮೊದಲೇ, ಡಿಸೆಂಬರಿನ ಮೊದಲ ವಾರದಲ್ಲಿ, ಮನೆಯಂಗಳದಲ್ಲಿ ಚಪ್ಪರ ಹಾಕಿಸಿ ಧಾರೆ ಎರೆದುಕೊಡಬೇಕೆಂದು ಮುಹೂರ್ತ ಇಡಿಸಿದ್ದಾರೆ.

ನನ್ನ ಗೊಂದಲ ಇಷ್ಟು. ಇಲ್ಲಿಯ ಕನ್ನಡಿಗರಲ್ಲಿ ಕೆಲವರು ಭಾರತೀಯ ಕಾನ್ಸುಲೇಟಿನಲ್ಲಿ ನೋಂದಾಯಿಸದಿದ್ದರೆ ಭಾರತದ ಮಟ್ಟಿಗೆ ಮದುವೆಯೇ ಆಗಿಲ್ಲ ಎನ್ನುತ್ತಾರೆ. ಊರಿನ ಚಿಕ್ಕಪ್ಪ, ಅದೆಲ್ಲ ಯಾಕೆ, ಧಾರೆ ಮುಗಿದ ಮರುದಿನ ಸಾಗರದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಬರೆಸಿಬಿಡೋಣ ಎಂದು ಈಗಾಗಲೇ ಫಾರಂ ತಂದಿಟ್ಟುಕೊಂಡಿದ್ದಾರೆ. ಪತಿಗೆ ಮುಂದೆ ಓಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕರ, ಕಾರ್ಡು ಮಾಡಿಸುವ ಆಲೋಚನೆಯೂ ಇದೆ. ಯಾವ ದಾರಿ ಸರಿ ಎಂದು ತಿಳಿದವರು ದಯವಿಟ್ಟು ತಿಳಿಸಿ.

ಹಳೇಕಡತ:

ಶರಾವತಿಯವರೇ, ಮೊದಲಿಗೆ ಮದುವೆಯ ಶುಭಾಶಯಗಳು. ನಾನು ವಕೀಲನಲ್ಲ. ಇಪ್ಪತ್ತು ವರ್ಷಗಳಲ್ಲಿ ನನ್ನ ಮದುವೆ, ತಂಗಿಯ ಮದುವೆ, ಇಬ್ಬರು ಗೆಳೆಯರ ಮದುವೆ ಎಂದು ಇದೇ ಕಡತವನ್ನು ನಾಲ್ಕು ಬಾರಿ ಹೊತ್ತು ತಿರುಗಿದವನು, ಹಾಗಾಗಿ ಕಾಯ್ದೆಯನ್ನು ಓದಿಕೊಳ್ಳಬೇಕಾಯಿತು.

ಈ ವಿಷಯಕ್ಕೆ ಸಂಬಂಧಿಸಿದ್ದು 1969ರ ವಿದೇಶಿ ವಿವಾಹ ಕಾಯ್ದೆ. ಭಾರತದ ಕಾನೂನು ಆಯೋಗ 1962ರಲ್ಲಿ ಕೊಟ್ಟ 23ನೆಯ ವರದಿಯ ಬೆನ್ನಿಗೆ ಬಂದ ಈ ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಎದುರಿನಲ್ಲೇ ಮದುವೆಯಾಗುವುದು. ಇನ್ನೊಂದು, ಆ ದೇಶದ ಕಾನೂನಿನ ಪ್ರಕಾರ ಆಗಲೇ ಆಗಿಹೋದ ಮದುವೆಯನ್ನು 17ನೆಯ ಪ್ರಕರಣದಡಿ ನೋಂದಾಯಿಸುವುದು. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ನಿಮಗೆ ಬೇಕಾದದ್ದು ಎರಡನೆಯದು ಮಾತ್ರ, ಅದೂ ಬೇಕಿದ್ದರೆ.

ಬೇಕಿದ್ದರೆ ಎಂದು ಹೇಳಲು ಕಾರಣವಿದೆ. ಈ ಕಾಯ್ದೆಯ ಹೊರಗೆ ವಿದೇಶದಲ್ಲಿ ನಡೆದ ಮದುವೆಯ ಸಿಂಧುತ್ವಕ್ಕೆ ಈ ಕಾಯ್ದೆಯಿಂದ ಯಾವ ಬಾಧೆಯೂ ಇಲ್ಲವೆಂದು 27ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. 17ನೆಯ ಪ್ರಕರಣದ ಒಕ್ಕಣೆಯೂ ದಂಪತಿಗಳಲ್ಲಿ ಒಬ್ಬರು ಲಿಖಿತವಾಗಿ ಇಚ್ಛೆ ತಿಳಿಸಿದರೆ ಅಧಿಕಾರಿ ನೋಂದಾಯಿಸಬಹುದು ಎಂಬುದೇ ಹೊರತು ನೋಂದಾಯಿಸಲೇಬೇಕು ಎಂದಲ್ಲ. ಆದ್ದರಿಂದ ಕಾನ್ಸುಲೇಟಿಗೆ ಹೋಗದಿದ್ದರೆ ಮದುವೆಯೇ ಆಗಿಲ್ಲ ಎನ್ನುವವರ ಮಾತನ್ನು ಬಿಟ್ಟುಬಿಡಿ. ನೀವು ಮೇ ತಿಂಗಳಿನಿಂದಲೇ ಗಂಡ ಹೆಂಡತಿ.

ಹಾಗಾದರೆ ನೋಂದಣಿ ಏತಕ್ಕೆ ಎಂದರೆ, ಭಾರತದ ಕಚೇರಿಗಳ ಕೌಂಟರಿನ ಹಿಂದೆ ಕುಳಿತವರು ಓದಬಲ್ಲ, ಭಾರತ ಸರ್ಕಾರದ ಮುದ್ರೆಯಿರುವ ಒಂದು ಕಾಗದ ಕೈಯಲ್ಲಿರಲಿ ಎಂಬುದಕ್ಕೆ. ಪಾಸ್‌ಪೋರ್ಟಿನಲ್ಲಿ ಪತಿಯ ಹೆಸರು, ಬ್ಯಾಂಕಿನ ನಾಮನಿರ್ದೇಶನ, ಆಸ್ತಿಯ ಕಾಗದ, ಪತಿಯ ಎಂಟ್ರಿ ವೀಸಾ, ಆಮೇಲೆ ಓಸಿಐ, ಇವೆಲ್ಲ ಕಡೆ ಜರ್ಮನ್ ಕಾಗದವನ್ನು ತೋರಿಸಿ ಅನುವಾದ ಕೊಟ್ಟು ದೃಢೀಕರಣ ಮಾಡಿಸಿ ಅರ್ಥಮಾಡಿಸುವ ಶ್ರಮ ಇದರಿಂದ ತಪ್ಪುತ್ತದೆ.

ನೋಂದಣಿಗೆ ಬೇಕಾದ ಷರತ್ತುಗಳು 4ನೆಯ ಪ್ರಕರಣದಲ್ಲಿವೆ: ಇಬ್ಬರಿಗೂ ಬದುಕಿರುವ ಬೇರೆ ಸಂಗಾತಿ ಇರಬಾರದು, ಮಾನಸಿಕ ಸ್ವಾಸ್ಥ್ಯ ಇರಬೇಕು, ವರನಿಗೆ 21, ವಧುವಿಗೆ 18 ತುಂಬಿರಬೇಕು, ನಿಷಿದ್ಧ ಸಂಬಂಧದೊಳಗೆ ಬರಬಾರದು. ಪ್ರಮಾಣಪತ್ರದ ಪುಸ್ತಕಕ್ಕೆ ನೀವಿಬ್ಬರೂ ಮೂವರು ಸಾಕ್ಷಿಗಳೂ ಸಹಿ ಹಾಕಬೇಕು. ಅಧಿಕಾರಿ ನಿರಾಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕು, ಅದರ ವಿರುದ್ಧ 30 ದಿನಗಳೊಳಗೆ ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಇನ್ನು ನಿಮ್ಮ ಚಿಕ್ಕಪ್ಪನವರ ಫಾರಂ. ಅದನ್ನು ದಯವಿಟ್ಟು ತುಂಬಬೇಡಿ. ಏಕೆಂದು ವಿವರವಾಗಿ ಬರೆಯುತ್ತೇನೆ, ಈಗ ರೈಲಿಗೆ ಹೊತ್ತಾಯಿತು.

ರೈನ್‌ದಂಡೆ:

ಹಳೇಕಡತ ಸರ್ ಹೇಳಿದ್ದನ್ನು ಒಪ್ಪುತ್ತಲೇ ನನ್ನ ಅನುಭವವನ್ನೂ ಸೇರಿಸುತ್ತೇನೆ. ನಾವಿಬ್ಬರೂ ಧಾರವಾಡದ ಕಡೆಯವರು, ಇಲ್ಲಿಯೇ ಸ್ಟಾಂಡೆಸಾಮ್ಟ್‌ನಲ್ಲಿ ಮದುವೆಯಾಗಿ ಹನ್ನೊಂದು ವರ್ಷಗಳಾದವು. ಕಾನ್ಸುಲೇಟಿನಲ್ಲಿ ನೋಂದಾಯಿಸಲೇ ಇಲ್ಲ. ಸ್ಟಾಂಡೆಸಾಮ್ಟ್‌ನವರು ಕೇಳಿದರೆ ಕೊಡುವ ಬಹುಭಾಷಾ ವಿವಾಹ ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಕೂಡ ಇರುತ್ತದೆ, ಆ ಒಂದೇ ಹಾಳೆಯಿಂದ ನಮ್ಮ ಎಲ್ಲ ಕೆಲಸಗಳೂ ಆದವು. ಪಾಸ್‌ಪೋರ್ಟಿಗಂತೂ ಮದುವೆಯ ಪ್ರಮಾಣಪತ್ರವೇ ಬೇಕೆಂಬ ನಿಯಮವನ್ನು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರಿನಲ್ಲಿಯೇ ಸಡಿಲಿಸಿದೆ. ಒಂದೇ ಮದುವೆಯನ್ನು ಎಷ್ಟು ಸಲ ಬರೆಸುವುದು?

ಬಸವನಗುಡಿ78:

ಆದರೆ ಸುಪ್ರೀಂ ಕೋರ್ಟು 2006ರಲ್ಲಿ ಎಲ್ಲ ಮದುವೆಗಳ ನೋಂದಣಿಯೂ ಕಡ್ಡಾಯ ಎಂದು ಹೇಳಿದೆಯಲ್ಲವೇ?

ಕರಿಕೋಟು:

ನಾನು ಬೆಂಗಳೂರಿನಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲ. ತಾವು ಹೇಳುತ್ತಿರುವುದು ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣ, 2006ರ ಫೆಬ್ರವರಿ 14ರ ಆದೇಶ. ಅದು ಮದುವೆ ಯಾವ ರಾಜ್ಯದಲ್ಲಿ ನಡೆಯಿತೋ ಆ ರಾಜ್ಯದಲ್ಲಿ ಅದನ್ನು ನೋಂದಾಯಿಸಲು ನಿಯಮ ಮಾಡಿರೆಂದು ರಾಜ್ಯಗಳಿಗೆ ಕೊಟ್ಟ ನಿರ್ದೇಶನ. ಶರಾವತಿಯವರ ಮದುವೆ ನಡೆದದ್ದೂ ದಾಖಲಾದದ್ದೂ ಜರ್ಮನಿಯಲ್ಲಿ. ಅನಿವಾಸಿಗಳ ಮದುವೆಗಳಿಗೆ ಪ್ರತ್ಯೇಕ ಕಡ್ಡಾಯ ನೋಂದಣಿ ತರಬೇಕೆಂದು 2019ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡನೆಯಾಯಿತು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಋತುರಾಜ್ ಅವಸ್ಥಿಯವರ ಅಧ್ಯಕ್ಷತೆಯ ಕಾನೂನು ಆಯೋಗವೂ 2024ರ ಫೆಬ್ರವರಿಯಲ್ಲಿ ಕೊಟ್ಟ 287ನೆಯ ವರದಿಯಲ್ಲಿ ಸಮಗ್ರ ಕಾನೂನು ಬೇಕೆಂದು ಶಿಫಾರಸು ಮಾಡಿತು. ಆ ಯತ್ನಗಳ ಹಿಂದಿರುವುದು ಮದುವೆ ಮಾಡಿಕೊಂಡು ಹೋಗಿ ಹೆಂಡತಿಯನ್ನು ಕೈಬಿಟ್ಟವರ ಕಥೆಗಳು. ಅಂಥ ಹೆಣ್ಣುಮಕ್ಕಳ ಕಡತಗಳನ್ನು ನೋಡಿದವನಾಗಿ ಒಂದು ಮಾತು ಸೇರಿಸುತ್ತೇನೆ: ನೋಂದಣಿ ಇಲ್ಲದಿದ್ದರೂ ಮದುವೆ ಸಿಂಧುವೇ, ಆದರೆ ಜಗಳ ಬಂದಾಗ ನ್ಯಾಯಾಲಯದಲ್ಲಿ ಮದುವೆಯಾದದ್ದನ್ನು ಸಾಬೀತುಪಡಿಸಲು ಹೆಣಗುವುದು ಹೆಚ್ಚಾಗಿ ಹೆಣ್ಣಿನ ಕಡೆಯವರು. ರೈನ್‌ದಂಡೆಯವರಿಗೆ ಹನ್ನೊಂದು ವರ್ಷ ಆ ಅಗತ್ಯ ಬೀಳಲಿಲ್ಲ ಎಂಬುದು ಸಂತೋಷದ ಸಂಗತಿ.

ಹಳೇಕಡತ:

ಚಿಕ್ಕಪ್ಪನವರ ಫಾರಮ್ಮಿನ ವಿಷಯಕ್ಕೆ ಮರಳುತ್ತೇನೆ, ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯಲ್ಲಿ ಮುಖ್ಯವಾದದ್ದು ಇದೇ.

ಸಾಗರದಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಆಗಬೇಕಾದರೆ ಇಬ್ಬರೂ ಆ ಕಾಯ್ದೆಯ ವ್ಯಾಪ್ತಿಗೆ ಬರುವ ಹಿಂದೂಗಳಾಗಿರಬೇಕು, ಧಾರೆಗೆ ಪಂಚೆ ಉಟ್ಟು ಬಾಸಿಂಗ ಕಟ್ಟಿಕೊಂಡ ಮಾತ್ರಕ್ಕೆ ನಿಮ್ಮ ಪತಿ ಅದರೊಳಗೆ ಬರುವುದಿಲ್ಲ. ಉಳಿದದ್ದು 1954ರ ವಿಶೇಷ ವಿವಾಹ ಕಾಯ್ದೆ. ಅದರ 15ನೆಯ ಪ್ರಕರಣದಡಿ ಬೇರೆ ವಿಧಿಯಿಂದ ಆದ ಮದುವೆಯನ್ನೂ ನೋಂದಾಯಿಸಬಹುದು, ಆದರೆ ಅರ್ಜಿಗೆ ಹಿಂದಿನ 30 ದಿನ ಇಬ್ಬರೂ ಆ ಜಿಲ್ಲೆಯಲ್ಲೇ ವಾಸವಿರಬೇಕು, ಅರ್ಜಿಯ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ ಬಿಡಬೇಕು. ಮೂರು ವಾರದ ರಜೆಯಲ್ಲಿ ಇದು ಆಗುವ ಮಾತಲ್ಲ.

ಆದರೂ ಪರಿಚಯದವರ ಮೂಲಕ ಹೇಗೋ ಆಗಿಬಿಟ್ಟಿತು ಎಂದಿಟ್ಟುಕೊಳ್ಳಿ, ತೊಂದರೆ ಶುರುವಾಗುವುದೇ ಅಲ್ಲಿಂದ. ಜರ್ಮನಿಯ ಕಾಗದದಲ್ಲಿ ಮೇ ತಿಂಗಳು, ಸಾಗರದ ಕಾಗದದಲ್ಲಿ ಡಿಸೆಂಬರ್. ಭಾರತೀಯ ಪ್ರಜೆಯ ವಿದೇಶಿ ಸಂಗಾತಿಗೆ ಓಸಿಐ ಸಿಗಬೇಕಾದರೆ ಪೌರತ್ವ ಕಾಯ್ದೆಯ 7ಎ ಪ್ರಕರಣದಂತೆ ಮದುವೆ ನೋಂದಣಿಯಾಗಿ, ಅರ್ಜಿಗೆ ಮುಂಚೆ ಕನಿಷ್ಠ ಎರಡು ವರ್ಷ ಸತತವಾಗಿ ಊರ್ಜಿತದಲ್ಲಿರಬೇಕು. ಆ ಎರಡು ವರ್ಷ ಯಾವ ತಾರೀಖಿನಿಂದ ಎಂದು ಅಧಿಕಾರಿ ಕೇಳಿದರೆ ಏನು ಹೇಳುತ್ತೀರಿ? ಅದಕ್ಕಿಂತ ಮುಜುಗರದ ಪ್ರಶ್ನೆ, ಡಿಸೆಂಬರಿನ ಅರ್ಜಿಯಲ್ಲಿ ನೀವು ಅವಿವಾಹಿತೆ ಎಂದು ಬರೆದಿರಾ ಎಂಬುದು. ನನ್ನ ಗೆಳೆಯರೊಬ್ಬರು ಇದೇ ತಪ್ಪು ಮಾಡಿ, ಎರಡು ಪ್ರಮಾಣಪತ್ರಗಳೂ ಒಂದೇ ಮದುವೆಯವು, ಎರಡು ಮದುವೆಗಳಲ್ಲ ಎಂದು ಅಫಿಡವಿಟ್ ಮೇಲೆ ಅಫಿಡವಿಟ್ ಬರೆದುಕೊಟ್ಟರು. ಧಾರೆ ಧಾರೆಯಾಗಿಯೇ ನಡೆಯಲಿ, ಹೋಳಿಗೆ ಊಟವೂ ಆಗಲಿ, ಸರ್ಕಾರಿ ಕಾಗದದಲ್ಲಿ ಮಾತ್ರ ನಿಮ್ಮ ಮದುವೆಗೆ ಒಂದೇ ತಾರೀಖು ಇರಲಿ.

17ನೆಯ ಪ್ರಕರಣದ ಕೊನೆಯ ಉಪಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೀಗೆ ನೋಂದಣಿಯಾದ ಮದುವೆಯನ್ನು ನೋಂದಣಿಯ ದಿನದಿಂದ ಈ ಕಾಯ್ದೆಯಡಿ ನಡೆದ ಮದುವೆಯೆಂದು ಭಾವಿಸಲಾಗುತ್ತದೆ. ಅಂದರೆ ಕಾನ್ಸುಲೇಟಿನ ಪ್ರಮಾಣಪತ್ರಕ್ಕೂ ತನ್ನದೇ ದಿನಾಂಕ ಇರುತ್ತದೆ. ಆದರೆ ಅದು ಮೇ ತಿಂಗಳ ಮದುವೆಯನ್ನು ಆಧಾರವಾಗಿಟ್ಟುಕೊಂಡ ಕಾಗದ, ಅದರ ಪಕ್ಕದಲ್ಲಿ ನಿಲ್ಲುವ ಹೊಸ ಮದುವೆಯಲ್ಲ. ಯಾವ ಅರ್ಜಿಯಲ್ಲಾದರೂ ಮದುವೆಯ ದಿನಾಂಕ ಎಂದು ಕೇಳಿದರೆ ಮೇ ತಿಂಗಳ ದಿನವನ್ನೇ ಬರೆಯಿರಿ, ಎರಡೂ ಕಾಗದಗಳನ್ನು ಜೊತೆಯಾಗಿ ಲಗತ್ತಿಸಿ.

ಶರಾವತಿತೀರ:

ತುಂಬಾ ಉಪಕಾರವಾಯಿತು. ಚಿಕ್ಕಪ್ಪನಿಗೆ ಇದನ್ನು ಹೇಗೆ ತಿಳಿಸುವುದೆಂಬುದೇ ಈಗಿನ ಚಿಂತೆ. ಆದರೆ ಅದಕ್ಕಿಂತ ದೊಡ್ಡ ತೊಡಕು ನನ್ನ ಹೆಸರಿನದು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್‌ಗಳಿವೆ, ಒಂದು ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ನಡೆಯುವುದಿಲ್ಲವೆಂದು ಎರಡನ್ನೂ ಬಿಡಿಸಿ ಬರೆದು, ಮೂರೂ ಪದಗಳನ್ನು ಹೆಸರಿನ ಅಂಕಣದಲ್ಲಿ ತುಂಬಿ, ಉಪನಾಮದ ಅಂಕಣವನ್ನು ಖಾಲಿ ಬಿಟ್ಟರು. ನಮ್ಮ ಕಡೆ ಯಾರಿಗೆ ಉಪನಾಮ ಇರುತ್ತದೆ ಹೇಳಿ? ಜರ್ಮನಿಗೆ ಬಂದ ಮೇಲೆ ಇಲ್ಲಿಯ ಕಚೇರಿಗಳವರು ಊರಿನ ಹೆಸರನ್ನೇ ಮನೆತನದ ಹೆಸರೆಂದು ತಿಳಿದುಕೊಂಡರು. ಆರು ವರ್ಷಗಳಿಂದ ಕಚೇರಿಯಲ್ಲಿ ಎಲ್ಲರೂ ನನ್ನ ಊರಿನ ಹೆಸರಿಗೆ 'ಫ್ರಾವ್', ಅಂದರೆ ಶ್ರೀಮತಿ, ಎಂದು ಸೇರಿಸಿ ಕರೆಯುತ್ತಾರೆ. ನಾನು ಮದುವೆಯಾಗಿದ್ದು ಒಬ್ಬಳನ್ನೋ ಇಡೀ ಹಳ್ಳಿಯನ್ನೋ ಎಂದು ನನ್ನವರು ತಮಾಷೆ ಮಾಡುತ್ತಿರುತ್ತಾರೆ.

ಮದುವೆಯ ಸಮಯದಲ್ಲಿ ಪತಿಯ ಮನೆತನದ ಹೆಸರನ್ನು ತೆಗೆದುಕೊಂಡೆ. ಈಗ ಜರ್ಮನ್ ಪ್ರಮಾಣಪತ್ರದಲ್ಲಿ ಮದುವೆಗೆ ಮುಂಚಿನ ಹೆಸರು ಒಂದು ರೀತಿ, ಆಮೇಲಿನದು ಇನ್ನೊಂದು ರೀತಿ, ಪಾಸ್‌ಪೋರ್ಟಿನಲ್ಲಿ ಮೂರನೆಯ ರೀತಿ. ಅರ್ಜಿಯಲ್ಲಿ ಯಾವ ಹೆಸರು ಬರೆಯಬೇಕು?

ಹೆಸರಿನ ಮಾತು ಬಂದಾಗ ಮದುವೆಗೆ ಮುಂಚಿನದೊಂದು ನೆನಪು ಬರುತ್ತದೆ. ನನ್ನ ಜನನ ಪ್ರಮಾಣಪತ್ರ ನಿಜವೇ, ನಾನು ಅವಿವಾಹಿತೆಯೇ ಎಂದು ವಿಚಾರಿಸಲು ಜರ್ಮನ್ ಕಡೆಯಿಂದ ನೇಮಕವಾದ ವಕೀಲರೊಬ್ಬರು ಒಂದು ಮಳೆಗಾಲದ ಮಧ್ಯಾಹ್ನ ನಮ್ಮೂರಿಗೆ ಬಂದರು. ಗ್ರಾಮ ಪಂಚಾಯಿತಿಯಲ್ಲಿ ಪುಸ್ತಕ ತೆಗೆಸಿ ನೋಡಿ, ಆಮೇಲೆ ಎದುರುಮನೆಯ ಅಜ್ಜಿಯ ಜಗುಲಿಯಲ್ಲಿ ಕುಳಿತು, ಈ ಹುಡುಗಿಗೆ ಮುಂಚೆ ಮದುವೆಯಾಗಿತ್ತೇ ಎಂದು ಕೇಳಿದರು. ಅಜ್ಜಿ ಅವರನ್ನು ಗಂಡಿನ ಕಡೆಯಿಂದ ಕನ್ಯೆಯ ಬಗ್ಗೆ ತಿಳಿಯಲು ಬಂದವರೆಂದೇ ಭಾವಿಸಿ, ಕಾಫಿ ಕೊಟ್ಟು, ನನ್ನ ಗುಣಗಾನ ಮಾಡಿ, ಕೊನೆಗೆ ಹುಡುಗನ ಗೋತ್ರ ಯಾವುದು ಎಂದು ವಿಚಾರಿಸಿದರಂತೆ.

ಹಳೇಕಡತ:

ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ವಕೀಲರು ಊರಿಗೆ ಬರುವ ಹಾಗಾದದ್ದಕ್ಕೆ ಕಾರಣವನ್ನೂ ಬೇರೆ ಓದುಗರಿಗಾಗಿ ಬರೆದಿಡುತ್ತೇನೆ. ಒಂದು ದೇಶದ ಸರ್ಕಾರಿ ಕಾಗದವನ್ನು ಅಪೊಸ್ಟಿಲ್ ಎಂಬ ಒಂದೇ ದೃಢೀಕರಣ ಮುದ್ರೆಯಿಂದ ಇನ್ನೊಂದು ದೇಶ ಒಪ್ಪುವ ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿ ಭಾರತ 2005ರ ಜುಲೈ 14ರಿಂದ ಇದೆ. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ಈ ಎರಡು ದೇಶಗಳ ನಡುವೆ ಆ ಒಪ್ಪಂದ ನಡೆಯುವುದಿಲ್ಲ. ದೆಹಲಿಯಲ್ಲಿ ಅಪೊಸ್ಟಿಲ್ ಅಂಟಿಸಿಕೊಂಡು ಬಂದ ಜನನ ಪ್ರಮಾಣಪತ್ರವನ್ನು ಸ್ಟಾಂಡೆಸಾಮ್ಟ್‌ನವರು ಬದಿಗಿಟ್ಟು, ಭಾರತದಲ್ಲಿರುವ ತಮ್ಮ ದೂತಾವಾಸದ ಮೂಲಕ ಸ್ಥಳ ಪರಿಶೀಲನೆ ಮಾಡಿಸುತ್ತಾರೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದರ ಮೇಲೆ, ಮದುವೆಗೆ ಅಡ್ಡಿಯಿಲ್ಲವೆಂದು ಜರ್ಮನ್ ಕಾನೂನು ಕೇಳುವ ಮಾದರಿಯ ಪ್ರಮಾಣಪತ್ರವನ್ನು ಭಾರತ ಕೊಡುವುದೇ ಇಲ್ಲವಾದ್ದರಿಂದ, ಪ್ರಾಂತೀಯ ಉಚ್ಚ ನ್ಯಾಯಾಲಯದ ಅಧ್ಯಕ್ಷರಿಂದ ವಿನಾಯಿತಿ ಪಡೆಯಬೇಕಾಗುತ್ತದೆ. ಜರ್ಮನ್ ಕಾಗದವನ್ನು ಭಾರತದ ಕಡೆ ಕೊಡುವಾಗಲೂ ಯಾವ ಮುದ್ರೆ ಬೇಕೆಂಬುದನ್ನು ಕಾನ್ಸುಲೇಟಿಗೆ ಇಮೇಲ್ ಬರೆದು, ಉತ್ತರವನ್ನು ಮುದ್ರಿಸಿ ಕಡತದಲ್ಲಿ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಬೇರೆ ಮಾತು ಬಂದರೆ ಆ ಹಾಳೆ ಕೆಲಸಕ್ಕೆ ಬರುತ್ತದೆ.

ಹೆಸರಿನ ವಿಚಾರ. ಕಾನ್ಸುಲೇಟಿನ ಅರ್ಜಿಯಲ್ಲಿ ಇವತ್ತು ನಿಮ್ಮ ಕೈಯಲ್ಲಿರುವ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಪದಗಳ ಕ್ರಮವನ್ನೂ ಬದಲಿಸದೆ, ಬರೆಯಿರಿ. ಜರ್ಮನ್ ಪ್ರಮಾಣಪತ್ರದ ಮದುವೆಗೆ ಮುಂಚಿನ ಹೆಸರಿನಲ್ಲಿ ಅದೇ ಮೂರು ಪದಗಳಿದ್ದು ಅಂಕಣ ಮಾತ್ರ ಬೇರೆಯಾಗಿದ್ದರೆ, ಎರಡೂ ಹೆಸರಿನ ವ್ಯಕ್ತಿ ಒಬ್ಬಳೇ ಎಂಬ ಅಫಿಡವಿಟ್ ಒಂದನ್ನು ಸಿದ್ಧವಾಗಿಟ್ಟುಕೊಳ್ಳಿ. ಒಂದು ಅಕ್ಷರವೇ ಬೇರೆಯಾಗಿದ್ದರೆ ಮಾತ್ರ ಮೊದಲು ಸ್ಟಾಂಡೆಸಾಮ್ಟ್‌ನಲ್ಲಿ ತಿದ್ದಿಸಿ. ನನ್ನ ತಂಗಿಯ ಕಡತ ಒಂದು ದೀರ್ಘಾಕ್ಷರಕ್ಕಾಗಿ, ಒಂದು ಕಾಗದದಲ್ಲಿ ಒಂದು 'ಎ', ಇನ್ನೊಂದರಲ್ಲಿ ಎರಡು 'ಎ' ಇದ್ದುದಕ್ಕಾಗಿ, ಎರಡು ಬಾರಿ ಹಿಂದೆ ಬಂದಿತ್ತು.

ಪಾಸ್‌ಪೋರ್ಟಿನಲ್ಲಿ ಹೊಸ ಹೆಸರನ್ನು ಹಾಕಿಸುವ ಕೆಲಸಕ್ಕೆ ಧಾರೆ ಮುಗಿಯುವ ತನಕ ಕೈಹಚ್ಚಬೇಡಿ. ಅದನ್ನು ಮರುವಿತರಣೆಗೆ ಕೊಟ್ಟು, ಅದು ಬರುವುದು ತಡವಾಗಿ, ಮುಹೂರ್ತದ ದಿನ ವಧುವೇ ಇಲ್ಲಿ ಉಳಿದರೆ ಚಪ್ಪರಕ್ಕೆ ಏನರ್ಥ? ವಿಮಾನದ ಟಿಕೆಟನ್ನೂ ಪಾಸ್‌ಪೋರ್ಟಿನಲ್ಲಿರುವ ಹೆಸರಿಗೇ ತೆಗೆಯಿರಿ, ಹೊಸ ಹೆಸರಿನ ಉತ್ಸಾಹ ಬೇಡ. ಬಂದ ಮೇಲೆ, ನೋಂದಣಿಯ ಪ್ರಮಾಣಪತ್ರವನ್ನು ಆಧಾರವಾಗಿ ಕೊಟ್ಟು, ಉಪನಾಮದ ಅಂಕಣವನ್ನು ತುಂಬಿಸಿಕೊಳ್ಳಿ.

ಮರಳುನಾಡಿಗ:

ಉಪನಾಮ ಖಾಲಿ ಇರುವವರಿಗೆ ದುಬೈ ಕಡೆಯಿಂದ ಒಂದು ಸೂಚನೆ. 2022ರ ನವೆಂಬರಿನಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಯುಎಇ ಭೇಟಿ ವೀಸಾದಲ್ಲಿ ಪ್ರವೇಶ ಕೊಡುತ್ತಿಲ್ಲ. ಶರಾವತಿಯವರದು ಮೂರು ಪದ, ಚಿಂತೆಯಿಲ್ಲ.

ಇಲ್ಲಿ ನಾವಿಬ್ಬರೂ ಭಾರತೀಯರಾದ್ದರಿಂದ ರಾಯಭಾರ ಕಚೇರಿಯಲ್ಲೇ, ಮೊದಲನೆಯ ವಿಧಾನದಲ್ಲಿ, ಮದುವೆಯಾದೆವು. ಅದರ ಕ್ರಮವೇ ಬೇರೆ. ನಮ್ಮಲ್ಲೊಬ್ಬರು ನೋಟಿಸಿಗೆ ಮುಂಚೆ ಕನಿಷ್ಠ 30 ದಿನ ಆ ವ್ಯಾಪ್ತಿಯಲ್ಲಿ ವಾಸವಿದ್ದಿರಬೇಕು. ನೋಟಿಸನ್ನು ಇಲ್ಲಿಯೂ ಊರಿನಲ್ಲಿಯೂ ಪ್ರಕಟಿಸುತ್ತಾರೆ, ಆಕ್ಷೇಪಣೆಗೆ 30 ದಿನ ಕಾಯುತ್ತಾರೆ, ಆರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಹೊಸ ನೋಟಿಸು ಕೊಡಬೇಕು. ಮದುವೆಯ ದಿನ ಕಚೇರಿಯ ಬಾಗಿಲು ತೆರೆದೇ ಇರಬೇಕೆಂದು ಕಾಯ್ದೆಯಲ್ಲಿದೆ. ನಾವು ಮೂವರು ಸಾಕ್ಷಿಗಳ ಎದುರು ಪರಸ್ಪರ ಸ್ವೀಕಾರದ ಮಾತು ಹೇಳುತ್ತಿರುವಾಗ ಆ ತೆರೆದ ಬಾಗಿಲಿನಿಂದ ಯಾರೋ ಇಣುಕಿ, ಪಾಸ್‌ಪೋರ್ಟ್ ನವೀಕರಣದ ಸಾಲು ಇದೇನಾ ಎಂದು ಕೇಳಿದರು. ನಮ್ಮ ಮದುವೆಯ ವಿಡಿಯೋದಲ್ಲಿ ಆ ಪ್ರಶ್ನೆಯೂ ಇದೆ.

ಹೊಸ ನೋಟಿಸು ಕೊಡಲು ಹೊರಟವರು ಗಮನಿಸಿ: ಮುಸ್ಲಿಮೇತರರಿಗೆ ಅಬುಧಾಬಿಯಲ್ಲಿ 2021ರ ಕಾನೂನಿನಂತೆಯೂ, ಇಡೀ ಒಕ್ಕೂಟದಲ್ಲಿ 2023ರ ಫೆಬ್ರವರಿ 1ರಿಂದಲೂ ಸ್ಥಳೀಯ ನಾಗರಿಕ ವಿವಾಹದ ದಾರಿ ತೆರೆದಿದೆ.

ಹೊಸಬ_ಮ್ಯೂನಿಕ್:

ಹಾಗಿದ್ದರೆ ಜರ್ಮನಿಯಲ್ಲಿಯೂ ಸ್ಟಾಂಡೆಸಾಮ್ಟ್‌ನ ರಗಳೆಯೇ ಬೇಡವೆಂದು ನೇರವಾಗಿ ಭಾರತೀಯ ದೂತಾವಾಸದಲ್ಲಿಯೇ ಮದುವೆಯಾಗಬಹುದಲ್ಲವೇ? ನನ್ನ ಸಂಗಾತಿ ಜರ್ಮನ್.

ಹಳೇಕಡತ:

ನಿಮ್ಮ ವಿಷಯದಲ್ಲಿ ಆಗುವುದಿಲ್ಲ. ಜರ್ಮನ್ ನೆಲದಲ್ಲಿ ಆಗುವ ಮದುವೆ ಜರ್ಮನ್ ವಿಧಿಯಂತೆಯೇ ಆಗಬೇಕೆಂಬುದು ಇಲ್ಲಿನ ನಿಯಮ. ಇಬ್ಬರಲ್ಲಿ ಯಾರೂ ಜರ್ಮನ್ ಅಲ್ಲದಿದ್ದರೆ ಮಾತ್ರ, ಅವರಲ್ಲೊಬ್ಬರ ದೇಶದ ಸರ್ಕಾರ ಸೂಕ್ತವಾಗಿ ಅಧಿಕಾರ ಕೊಟ್ಟ ವ್ಯಕ್ತಿಯ ಎದುರು ಆಗುವ ಮದುವೆಗೆ ಮನ್ನಣೆ ಇದೆ. ಭಾರತದ ಕಾಯ್ದೆಯ 11ನೆಯ ಪ್ರಕರಣವೂ ಸ್ಥಳೀಯ ಕಾನೂನು ನಿಷೇಧಿಸಿದ ಮದುವೆಯನ್ನು ವಿವಾಹಾಧಿಕಾರಿ ನಿರಾಕರಿಸಬಹುದೆನ್ನುತ್ತದೆ. ಇದೇ ಕಾರಣಕ್ಕೆ ಹಾಮ್ ನಗರದ ಕಾಮಾಕ್ಷಿ ದೇವಸ್ಥಾನದಲ್ಲಿ ತಾಳಿ ಕಟ್ಟಿದರೂ ಜರ್ಮನ್ ಕಾನೂನಿನ ಲೆಕ್ಕಕ್ಕೆ ಅದು ಪೂಜೆಯೇ.

ಕಾಯಲಾರೆ ಎನ್ನುವವರು ಡೆನ್ಮಾರ್ಕಿಗೆ ಹೋಗಿ ಮದುವೆಯಾಗಿ ಬರುತ್ತಾರೆ. 2019ರಿಂದ ಅಲ್ಲಿ ವಿದೇಶಿಯರ ಅರ್ಜಿಗಳನ್ನು ಒಂದೇ ಕೌಟುಂಬಿಕ ಕಾನೂನು ಸಂಸ್ಥೆ ನೋಡಿಕೊಳ್ಳುತ್ತದೆ, ಕಾಗದದ ಕಾಟ ಕಡಿಮೆ. ಅದೂ ಆ ದೇಶದ ಕಾನೂನಿನಂತೆ ವಿದೇಶದಲ್ಲಿ ಆದ ಮದುವೆಯೇ ಆದ್ದರಿಂದ 17ನೆಯ ಪ್ರಕರಣದಡಿ ಬರುತ್ತದೆ.

ಮಾವನಮಗಳು:

ಕೇಳಲು ಸಂಕೋಚವಾಗುತ್ತಿದೆ, ಆದರೂ ಕೇಳುತ್ತೇನೆ. ನಮ್ಮದು ಕೋಲಾರ ಜಿಲ್ಲೆ, ನಾನು ಮದುವೆಯಾಗಿರುವುದು ಸೋದರತ್ತೆಯ ಮಗನನ್ನು. ಇಲ್ಲಿಯ ಸ್ಟಾಂಡೆಸಾಮ್ಟ್‌ನಲ್ಲಿ ಯಾರೂ ಚಕಾರವೆತ್ತಲಿಲ್ಲ. ಆದರೆ ಇಲ್ಲಿ ನಿಷಿದ್ಧ ಸಂಬಂಧ ಎಂದು ಬರೆದಿರುವುದನ್ನು ಓದಿದ ಮೇಲೆ ಭಯವಾಗಿದೆ. ಕಾನ್ಸುಲೇಟಿನಲ್ಲಿ ನಮ್ಮ ಮದುವೆಯನ್ನು ನಿರಾಕರಿಸುತ್ತಾರೆಯೇ?

ಕರಿಕೋಟು:

ಸಂಕೋಚ ಬೇಡಮ್ಮ, ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ಇದೇ ಸಂಬಂಧ. ವಿಶೇಷ ವಿವಾಹ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು, ಅಕ್ಕನ ಮಗಳು ಎಲ್ಲರೂ ಇದ್ದಾರೆ, ವಿದೇಶಿ ವಿವಾಹ ಕಾಯ್ದೆಯೂ ಅದನ್ನೇ ಅನುಸರಿಸುತ್ತದೆ. ಆದರೆ 4ನೆಯ ಪ್ರಕರಣಕ್ಕೆ ಒಂದು ವಿನಾಯಿತಿಯ ವಾಕ್ಯವಿದೆ. ವಧೂವರರಲ್ಲಿ ಕನಿಷ್ಠ ಒಬ್ಬರಿಗೆ ಅನ್ವಯಿಸುವ ವೈಯಕ್ತಿಕ ಕಾನೂನು ಅಥವಾ ರೂಢಿ ಅಂಥ ಮದುವೆಯನ್ನು ಒಪ್ಪುವುದಾದರೆ ಅಡ್ಡಿಯಿಲ್ಲ. ನಿಮ್ಮ ಸಮುದಾಯದಲ್ಲಿ ಈ ರೂಢಿ ತಲೆತಲಾಂತರದಿಂದ ಇದೆ ಎಂದು ಹಿರಿಯರಿಬ್ಬರಿಂದ, ಅವರ ಮನೆತನದ ಇಂಥದೇ ಮದುವೆಗಳ ಉದಾಹರಣೆ ಸಹಿತ, ಒಂದು ಅಫಿಡವಿಟ್ ಬರೆಸಿ ತರಿಸಿಕೊಳ್ಳಿ. ಕಾನ್ಸುಲೇಟಿನಲ್ಲಿ ಕುಳಿತವರು ಉತ್ತರ ಭಾರತದವರಾಗಿದ್ದರೆ ಅವರಿಗೆ ಈ ಸಂಬಂಧ ಕೇಳಿಯೇ ಗಾಬರಿಯಾಗಬಹುದು, ಆಗ ಆ ವಾಕ್ಯವನ್ನು ತೋರಿಸಿ. ಜರ್ಮನ್ ಕಾನೂನು ನೇರ ರಕ್ತಸಂಬಂಧ ಮತ್ತು ಒಡಹುಟ್ಟಿದವರನ್ನು ಮಾತ್ರ ನಿಷೇಧಿಸುವುದರಿಂದ ಅಲ್ಲಿ ಯಾರೂ ಕೇಳಲಿಲ್ಲ.

ಇದೇ ಸಂದರ್ಭದಲ್ಲಿ ಎರಡನೆಯ ಮದುವೆಯವರಿಗೂ ಒಂದು ಎಚ್ಚರಿಕೆ. ಭಾರತದಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಿ, ವಿದೇಶದ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದವರು, ಆ ತೀರ್ಪು ಭಾರತದಲ್ಲಿ ತಾನಾಗಿಯೇ ನಡೆಯುತ್ತದೆಂದು ತಿಳಿಯಬಾರದು. ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದಂತೆ, ಮದುವೆಗೆ ಅನ್ವಯಿಸುವ ಕಾನೂನಿನಲ್ಲಿರುವ ಕಾರಣದ ಮೇಲೆಯೇ ವಿಚ್ಛೇದನ ಸಿಕ್ಕಿರಬೇಕು, ಎದುರು ಪಕ್ಷವೂ ಆ ನ್ಯಾಯಾಲಯಕ್ಕೆ ಮನಃಪೂರ್ವಕವಾಗಿ ಒಳಪಟ್ಟಿರಬೇಕು. ಇಲ್ಲವಾದರೆ ಮೊದಲ ಸಂಗಾತಿ ಭಾರತದ ಲೆಕ್ಕದಲ್ಲಿ ಇನ್ನೂ ಸಂಗಾತಿಯೇ, ನೋಂದಣಿಯೂ ಅಲ್ಲಿಗೇ ನಿಲ್ಲುತ್ತದೆ.

ಅನಾಮಿಕ:

ನಾವಿಬ್ಬರೂ ಪುರುಷರು, ಇಲ್ಲಿ ಕಾನೂನುಬದ್ಧವಾಗಿ ಮದುವೆಯಾಗಿದ್ದೇವೆ. ನಮಗೆ ದಾರಿಯಿದೆಯೇ?

ಕರಿಕೋಟು:

ಸದ್ಯಕ್ಕೆ ಇಲ್ಲ, ಹೇಳಲು ಬೇಸರವಾಗುತ್ತದೆ. 4ನೆಯ ಪ್ರಕರಣ ವರ, ವಧು ಎಂಬ ಪದಗಳಲ್ಲೇ ಇದೆ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೋರಿದ ಸುಪ್ರಿಯೊ ಪ್ರಕರಣದ ಅರ್ಜಿಗಳಲ್ಲಿ ವಿದೇಶಿ ವಿವಾಹ ಕಾಯ್ದೆಯ ಪ್ರಶ್ನೆಯೂ ಇತ್ತು, 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಅದನ್ನು ಸಂಸತ್ತಿಗೆ ಬಿಟ್ಟಿತು. ಜರ್ಮನಿಯಲ್ಲಿ 2017ರ ಅಕ್ಟೋಬರ್ 1ರಿಂದ ಇರುವ ನಿಮ್ಮ ಹಕ್ಕುಗಳಿಗೆ ಇದರಿಂದ ಕುಂದಿಲ್ಲ. ಭಾರತದ ಆಸ್ತಿ, ಬ್ಯಾಂಕು, ಚಿಕಿತ್ಸೆಯ ತೀರ್ಮಾನಗಳಿಗೆ ಸಂಬಂಧಿಸಿ ಉಯಿಲು ಮತ್ತು ಅಧಿಕಾರಪತ್ರಗಳನ್ನು ಈಗಲೇ ಬರೆಸಿಡಿ.

ರೈನ್‌ದಂಡೆ:

ಹಳೇಕಡತ ಸರ್, ಒಂದು ಸಂದೇಹ. ಜರ್ಮನಿ 2024ರ ಜೂನ್ 27ರಿಂದ ದ್ವಿಪೌರತ್ವವನ್ನು ಒಪ್ಪಿದ ಮೇಲೆ ನಾವಿಬ್ಬರೂ ಜರ್ಮನ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇವೆ. ಆಮೇಲೆ ಬೇಕೆನಿಸಿದರೆ ಕಾನ್ಸುಲೇಟಿನಲ್ಲಿ ಮದುವೆಯನ್ನು ನೋಂದಾಯಿಸಬಹುದೇ?

ಹಳೇಕಡತ:

ಜರ್ಮನಿ ಒಪ್ಪಿದರೂ ಭಾರತ ಒಪ್ಪಿಲ್ಲ, ಜರ್ಮನ್ ಪೌರತ್ವ ಕೈಗೆ ಬಂದ ಕ್ಷಣಕ್ಕೆ ಭಾರತದ್ದು ಹೋಗುತ್ತದೆ. ಈ ಕಾಯ್ದೆ ನಿಂತಿರುವುದೇ ಇಬ್ಬರಲ್ಲೊಬ್ಬರು ಭಾರತೀಯರು ಎಂಬುದರ ಮೇಲೆ. ಮದುವೆಯ ದಿನ ನಾವು ಭಾರತೀಯರಾಗಿದ್ದೆವು ಎಂದು ವಾದಿಸಲು 17ನೆಯ ಪ್ರಕರಣದ ಪದಗಳಲ್ಲಿ ಎಡೆಯಿದೆ ನಿಜ, ಆದರೆ ಕೌಂಟರಿನಲ್ಲಿ ನಿಂತು ವ್ಯಾಕರಣದ ವಾದ ಮಾಡುವುದು ಯಾರಿಗೆ ಬೇಕು? ಮಾಡಿಸುವುದಿದ್ದರೆ ಪೌರತ್ವದ ಪತ್ರ ಬರುವ ಮೊದಲೇ ಮಾಡಿಸಿ. ಹನ್ನೊಂದು ವರ್ಷ ತಡವಾದರೂ ಶುಲ್ಕ ಕಟ್ಟಿ ಸಹಿ ಹಾಕಲು ಇನ್ನೂ ಅವಕಾಶವಿದೆ.

ರೈನ್‌ದಂಡೆ:

ಸೋತೆ ಸರ್. ಮನೆಯವರು ಈ ಚರ್ಚೆಯನ್ನು ಓದಿ, ಮುಂದಿನ ವಾರವೇ ಹೋಗೋಣ ಎನ್ನುತ್ತಿದ್ದಾರೆ. ಮೂವರು ಸಾಕ್ಷಿಗಳು ಬೇಕಾಗಿದ್ದಾರೆ!

ಶರಾವತಿತೀರ:

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಕಳೆದ ಬುಧವಾರ ಕೆಲಸವಾಯಿತು. ಜರ್ಮನಿಯಲ್ಲಿರುವ ನಾಲ್ಕು ಭಾರತೀಯ ದೂತಾವಾಸಗಳಲ್ಲಿ ನಮ್ಮ ವಿಳಾಸ ಯಾವುದರ ವ್ಯಾಪ್ತಿಗೆ ಬರುತ್ತದೆಂದು ಮೊದಲೇ ಖಚಿತಪಡಿಸಿಕೊಂಡದ್ದು ಒಳ್ಳೆಯದಾಯಿತು, ನಮ್ಮ ಮುಂದಿದ್ದ ದಂಪತಿಗಳು ಅದೇ ಕಾರಣಕ್ಕೆ ಹಿಂದಿರುಗಬೇಕಾಯಿತು. ಹೆಸರಿನ ಪ್ರಶ್ನೆ ನಿರೀಕ್ಷಿಸಿದಂತೆಯೇ ಬಂತು, ಅಫಿಡವಿಟ್ ಮತ್ತು ಇಮೇಲಿನ ಮುದ್ರಿತ ಪ್ರತಿ ಎರಡನ್ನೂ ಮುಂದಿಟ್ಟೆ, ಅಧಿಕಾರಿ ಎರಡು ನಿಮಿಷ ಓದಿ ತಲೆಯಾಡಿಸಿದರು.

ಕಷ್ಟವಾದದ್ದು ಸಾಕ್ಷಿಗಳದ್ದೇ. ಸ್ಟಾಂಡೆಸಾಮ್ಟ್‌ನಲ್ಲಿ 1998ರಿಂದ ಸಾಕ್ಷಿಗಳ ಅಗತ್ಯವೇ ಇಲ್ಲವಾದ್ದರಿಂದ ಮೇ ತಿಂಗಳಲ್ಲಿ ನಾವಿಬ್ಬರೇ ಹೋಗಿ ಬಂದಿದ್ದೆವು. ಈ ಸಲ ಕನ್ನಡ ಸಂಘದ ಇಬ್ಬರು ಗೆಳತಿಯರು ರಜೆ ಹಾಕಿ ಬಂದರು, ಮೂರನೆಯವರು ಹಿಂದಿನ ರಾತ್ರಿ ಜ್ವರವೆಂದು ಕೈಕೊಟ್ಟರು. ಕೊನೆಗೆ ಎಪ್ಪತ್ತೊಂದು ವರ್ಷದ ನಮ್ಮ ಅತ್ತೆಯವರೇ ಬೆಳಗಿನ ಐದೂವರೆಯ ರೈಲು ಹಿಡಿದು, ಕೈಚೀಲದಲ್ಲಿ ತಮ್ಮ ಗುರುತಿನ ಚೀಟಿಯನ್ನೂ ನಮಗೆಲ್ಲ ಬೆಣ್ಣೆ ಹಚ್ಚಿದ ಬ್ರೆಡ್ಡನ್ನೂ ಇಟ್ಟುಕೊಂಡು ಬಂದರು. ಪುಸ್ತಕದಲ್ಲಿ ಅವರು ಹಳೆಯ ಕಾಲದ ಕೂಡಿಸಿ ಬರೆಯುವ ಅಕ್ಷರದಲ್ಲಿ ಸಹಿ ಮಾಡಿದ್ದನ್ನು ಓದಲಾಗದೆ ಅಧಿಕಾರಿ ಕೆಳಗೆ ದಪ್ಪಕ್ಷರದಲ್ಲಿ ಬರೆಯಿರೆಂದರು. ಅತ್ತೆ ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರವನ್ನು ಶಾಲೆಯ ಹುಡುಗಿಯ ಹಾಗೆ ಬಿಡಿಸಿ ಬರೆದರು.

ಚಿಕ್ಕಪ್ಪನಿಗೆ ನಿನ್ನೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಆ ಫಾರಂ ಇಟ್ಟುಕೊಂಡಿರುತ್ತೇನೆ, ಮುಂದಿನ ವರ್ಷ ನಮ್ಮ ಪುಟ್ಟನ ಮದುವೆಗಾಯಿತು ಎಂದರು.